5 ಸಲ ಸೋತ ಕುದುರೆ ಎಲ್ಲಕ್ಕಿಂತ ಶ್ರೇಷ್ಠ ಹೇಗೆ?

ಪ್ರಶ್ನೆ: ಇಂಗ್ಲೆಂಡಿನ ಫ್ರಾಂಕೆಲ್ 14 ರೇಸ್ ಓಡಿ 14ರಲ್ಲೂ ಗೆದ್ದಿದೆ. ಹಂಗೇರಿಯ ಕಿಂಚೆಮ್ 54ಕ್ಕೆ 54. ಹೀಗಿರುವಾಗ 5 ಸಲ ಸೋತ ಅಮೆರಿಕದ ಸೆಕ್ರೆಟೇರಿಯಟ್ ಅನ್ನು ಸಾರ್ವಕಾಲಿಕ ಶ್ರೇಷ್ಠ ರೇಸ್ ಕುದುರೆ ಅಂತ ಅಷ್ಟೊಂದು ಜನ ಹೇಳುವುದು ಯಾಕೆ?

ಕೇಳಿದವರ ಲೆಕ್ಕ ತಪ್ಪಿಲ್ಲ. ಸೆಕ್ರೆಟೇರಿಯಟ್ ಓಡಿದ್ದು 21 ರೇಸ್, ಗೆದ್ದದ್ದು 16. ಬರೀ ಅಂಕಿ ನೋಡಿದರೆ ಅದಕ್ಕಿಂತ ಚೆನ್ನಾಗಿರುವ ಕುದುರೆಗಳು ಬೇಕಾದಷ್ಟು ಸಿಗುತ್ತವೆ. ಆದರೂ ಒಂದೇ ಒಂದು ಹೆಸರು ಹೇಳಿ ಅಂದರೆ ನಾನೂ ಸೆಕ್ರೆಟೇರಿಯಟ್ ಅಂತಲೇ ಹೇಳುತ್ತೇನೆ. ಹೆಸರು ಕೇಳಿ ವಿಧಾನಸೌಧದ ಫೈಲು ನೆನಪಾದರೆ ನಿಮ್ಮ ತಪ್ಪಲ್ಲ. ಮಾಲೀಕರು ನೋಂದಣಿಗೆ ಕಳಿಸಿದ ಹೆಸರುಗಳೆಲ್ಲ ಒಂದೊಂದಾಗಿ ವಾಪಸ್ ಬಂದಮೇಲೆ ಅವರ ಫಾರ್ಮಿನ ಸೆಕ್ರೆಟರಿ ಸೂಚಿಸಿದ ಹೆಸರು ಅದು. ಫೈಲಿನ ವೇಗಕ್ಕೂ ಕುದುರೆಗೂ ಸಂಬಂಧವಿಲ್ಲ.

ಬೆಂಗಳೂರಿನ ರೇಸ್ ಕೋರ್ಸ್ ರಸ್ತೆಯಲ್ಲಿ ರೇಸ್ ಬುಕ್ ಹಿಡಿದು ನಿಂತವರನ್ನು ಗಮನಿಸಿದ್ದೀರಾ? ಕುದುರೆ ಎಷ್ಟು ಸಲ ಗೆದ್ದಿದೆ ಅನ್ನುವಷ್ಟಕ್ಕೇ ಅವರು ನಿಲ್ಲುವುದಿಲ್ಲ. ಯಾರ ಎದುರು ಓಡಿತ್ತು, ಎಷ್ಟು ದೂರ, ಬೆನ್ನ ಮೇಲೆ ಎಷ್ಟು ತೂಕ, ಎಷ್ಟು ಲೆಂತ್ ಅಂತರ, ಇವನ್ನೆಲ್ಲ ನೋಡುತ್ತಾರೆ. ಶ್ರೇಷ್ಠ ಯಾವುದು ಅಂತ ಹುಡುಕುವಾಗಲೂ ಅದೇ ಕೆಲಸ ಮಾಡಬೇಕು. ಹಾಗೆ ಮಾಡಿದರೆ ಸೆಕ್ರೆಟೇರಿಯಟ್‌ನ ಒಂದು ದಿನ ಎಲ್ಲಕ್ಕಿಂತ ಎದ್ದು ಕಾಣುತ್ತದೆ.

ಅದು 1973ರ ಜೂನ್ 9. ಜಾಗ ನ್ಯೂಯಾರ್ಕ್‌ನ ಬೆಲ್ಮಾಂಟ್ ಪಾರ್ಕ್. ಅಮೆರಿಕದಲ್ಲಿ ಮೂರು ವರ್ಷದ ಕುದುರೆಗಳಿಗೆ ಮೂರು ದೊಡ್ಡ ರೇಸ್‌ಗಳಿವೆ: ಕೆಂಟಕಿ ಡರ್ಬಿ, ಪ್ರೀಕ್‌ನೆಸ್, ಬೆಲ್ಮಾಂಟ್. ಐದು ವಾರದೊಳಗೆ ಮೂರನ್ನೂ ಗೆದ್ದರೆ ಟ್ರಿಪಲ್ ಕ್ರೌನ್. 1948ರಲ್ಲಿ ಸೈಟೇಶನ್ ಗೆದ್ದ ಮೇಲೆ 25 ವರ್ಷ ಅದು ಯಾವ ಕುದುರೆಗೂ ದಕ್ಕಿರಲಿಲ್ಲ. ಸೆಕ್ರೆಟೇರಿಯಟ್ ಮೊದಲೆರಡನ್ನು ಗೆದ್ದು ಬಂದಿತ್ತು. ಉಳಿದದ್ದು ಬೆಲ್ಮಾಂಟ್, ಒಂದೂವರೆ ಮೈಲಿ, ಅಂದರೆ 12 ಫರ್ಲಾಂಗ್. ಎದುರಿಗೆ ಇದ್ದದ್ದು ನಾಲ್ಕೇ ಕುದುರೆ. ಅದರಲ್ಲಿ ಲೆಕ್ಕಕ್ಕೆ ಬರುವುದು ಒಂದೇ, ಶಾಮ್.

ಗೇಟು ತೆರೆದದ್ದೇ ತಡ, ಎರಡೂ ಜೋಡಿಯಾಗಿ ನುಗ್ಗಿದವು. ಮೊದಲ 6 ಫರ್ಲಾಂಗ್ ಮುಗಿದದ್ದು 1 ನಿಮಿಷ 9.8 ಸೆಕೆಂಡಿನಲ್ಲಿ. ಅದು ಆರೇ ಫರ್ಲಾಂಗ್ ಓಡಿ ನಿಲ್ಲುವ ಕುದುರೆಯ ವೇಗ. ಇನ್ನೂ ಅಷ್ಟೇ ದೂರ ಬಾಕಿ ಇರುವಾಗ ಹೀಗೆ ಓಡುವುದು ಮೂರ್ಖತನ. ಅರ್ಧ ದಾರಿಯಲ್ಲೇ ಉಸಿರು ಕಟ್ಟಿ ಕಾಲು ಭಾರವಾಗುತ್ತದೆ. ಶಾಮ್‌ಗೆ ಆದದ್ದು ಅದೇ. ಹಿಂದೆ ಸರಿಯುತ್ತಾ ಸರಿಯುತ್ತಾ ಕೊನೇ ಸ್ಥಾನಕ್ಕೆ ಹೋಯಿತು.

ಸೆಕ್ರೆಟೇರಿಯಟ್ ಮಾತ್ರ ನಿಧಾನ ಮಾಡಲೇ ಇಲ್ಲ. ಜಾಕಿ ರಾನ್ ಟರ್ಕಾಟ್ ಚಾಟಿ ಎತ್ತಲಿಲ್ಲ. ಹಿಂದೆ ಯಾರ ಗೊರಸಿನ ಸದ್ದೂ ಇಲ್ಲ. ಕೊನೆಯ ನೇರ ದಾರಿಯಲ್ಲಿ ಆತ ಎಡಕ್ಕೆ ಕತ್ತು ತಿರುಗಿಸಿ, ಮೈದಾನದ ನಡುವಿನ ಬೋರ್ಡಿನಲ್ಲಿ ಓಡುತ್ತಿದ್ದ ಸಮಯ ನೋಡಿದ. ಆ ಕ್ಷಣದ ಫೋಟೋ ಇದೆ. ಮುಂದೆ ಕೆಂಚು ಬಣ್ಣದ ಕುದುರೆ, ಮೇಲೆ ಪಕ್ಕಕ್ಕೆ ನೋಡುತ್ತಿರುವ ಜಾಕಿ, ಬಹಳ ಹಿಂದೆ ಚುಕ್ಕಿಯ ಹಾಗೆ ಉಳಿದ ಕುದುರೆಗಳು. ಮನುಷ್ಯ ಬೋರ್ಡ್ ನೋಡಿದ್ದು ಯಾಕೆ ಅಂದರೆ, ಸ್ಪರ್ಧೆ ಅಂತ ಉಳಿದದ್ದು ಗಡಿಯಾರದ ಜೊತೆ ಮಾತ್ರ.

ಅಂತರ 31 ಲೆಂತ್. ಒಂದು ಲೆಂತ್ ಅಂದರೆ ಒಂದು ಕುದುರೆಯ ಉದ್ದ, ಸುಮಾರು 8 ಅಡಿ. 31 ಲೆಂತ್ ಅಂದರೆ ಹತ್ತಿರಹತ್ತಿರ 75 ಮೀಟರ್. ನಮ್ಮ ಬಿಎಂಟಿಸಿ ಬಸ್‌ಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಆರು ಬಸ್ಸಿನ ಜಾಗ. ಸಮಯ 2 ನಿಮಿಷ 24 ಸೆಕೆಂಡ್. ಅದಕ್ಕೂ ಮುಂಚಿನ ಬೆಲ್ಮಾಂಟ್ ದಾಖಲೆ 1957ರದ್ದು, 2 ನಿಮಿಷ 26.6 ಸೆಕೆಂಡ್. ಆಮೇಲೆ ಏನಾಯಿತು ಅನ್ನುವುದೇ ನನಗೆ ಮುಖ್ಯ. ಒಂದೂವರೆ ಮೈಲಿಯ ಬೆಲ್ಮಾಂಟ್‌ನಲ್ಲಿ ಇವತ್ತಿಗೂ ಬೇರೆ ಯಾವ ಕುದುರೆಯೂ 2 ನಿಮಿಷ 26 ಸೆಕೆಂಡಿಗಿಂತ ಕೆಳಗೆ ಇಳಿದಿಲ್ಲ. ಒಂದು ಸೆಕೆಂಡಿಗೆ ಸುಮಾರು 5 ಲೆಂತ್ ಲೆಕ್ಕ ಹಾಕಿ. ಆಮೇಲಿನ 50 ವರ್ಷದಲ್ಲಿ ಬಂದ ಅತ್ಯುತ್ತಮ ಕುದುರೆಯೂ ಅವತ್ತು ಅಲ್ಲಿದ್ದಿದ್ದರೆ 10 ಲೆಂತ್ ಹಿಂದೆ ಇರುತ್ತಿತ್ತು. ಟ್ರ್ಯಾಕ್ ದಿನದಿನಕ್ಕೂ ಬೇರೆ ಇರುತ್ತದೆ, ಗಡಿಯಾರವನ್ನೇ ಪೂರ್ತಿ ನಂಬಬಾರದು, ಅದೆಲ್ಲ ಸರಿ. ಆದರೂ 10 ಲೆಂತ್ ಅನ್ನುವುದು ಟ್ರ್ಯಾಕಿನ ಮೇಲೆ ಹೊರಿಸಿ ಮರೆಯುವಂಥ ವ್ಯತ್ಯಾಸ ಅಲ್ಲ.

ಅವತ್ತು ಸೆಕ್ರೆಟೇರಿಯಟ್ ಮೇಲೆ 2 ಡಾಲರ್ ಕಟ್ಟಿದವರಿಗೆ ಸಿಕ್ಕಿದ್ದು 2 ಡಾಲರ್ 20 ಸೆಂಟ್. ಗೆದ್ದ ಟಿಕೆಟ್‌ಗಳಲ್ಲಿ 5,617 ಟಿಕೆಟ್‌ಗಳನ್ನು ಜನ ಕೌಂಟರಿಗೆ ಕೊಡಲೇ ಇಲ್ಲ. ದುಡ್ಡು ಬೇಡ, ಚೀಟಿ ಇರಲಿ ಅಂತ ಮನೆಗೆ ಒಯ್ದರು. ರೇಸಿಗೆ ಹೋಗುವವರು ಗೆದ್ದ ಚೀಟಿಯನ್ನು ಕೈಬಿಡುವುದು ಎಷ್ಟು ಅಪರೂಪ ಅಂತ ರೇಸ್ ಆಡುವವರನ್ನೇ ಕೇಳಿ.

ಒಂದೇ ದಿನದ ಆಟ ನೋಡಿ ತೀರ್ಪು ಕೊಡುವುದು ಸರಿಯಾ ಅಂತ ನೀವು ಕೇಳಬಹುದು. ಹಾಗಾದರೆ ಡರ್ಬಿ ನೋಡಿ. ಹತ್ತು ಫರ್ಲಾಂಗ್ ರೇಸನ್ನು ಎರಡೆರಡು ಫರ್ಲಾಂಗಿನ ಐದು ತುಂಡು ಮಾಡಿದರೆ ಸೆಕ್ರೆಟೇರಿಯಟ್ ತೆಗೆದುಕೊಂಡ ಸಮಯ ಹೀಗಿದೆ: 25.2, 24, 23.8, 23.4, 23 ಸೆಕೆಂಡ್. ಪ್ರತಿ ತುಂಡೂ ಹಿಂದಿನದಕ್ಕಿಂತ ಬೇಗ! ದಣಿಯುತ್ತಾ ಹೋಗಬೇಕಾದ ಪ್ರಾಣಿ ಓಡುತ್ತಾ ಓಡುತ್ತಾ ವೇಗ ಹೆಚ್ಚಿಸಿಕೊಂಡಿದೆ. ಒಟ್ಟು 1 ನಿಮಿಷ 59.4 ಸೆಕೆಂಡ್, ಅದೂ ಇನ್ನೂ ಮುರಿಯದ ದಾಖಲೆ. ಪಾಪ, ಶಾಮ್ ಅವತ್ತು ಗೇಟಿಗೆ ಮುಖ ಬಡಿದುಕೊಂಡು ಎರಡು ಹಲ್ಲು ಕಳೆದುಕೊಂಡೂ ಎರಡೂವರೆ ಲೆಂತ್ ಹಿಂದೆ ಬಂತು. ಬೇರೆ ಯಾವ ವರ್ಷ ಹುಟ್ಟಿದ್ದರೂ ಶಾಮ್ ಡರ್ಬಿ ಗೆಲ್ಲುತ್ತಿತ್ತೋ ಏನೋ. ಪ್ರೀಕ್‌ನೆಸ್‌ನಲ್ಲಂತೂ ಗಡಿಯಾರವೇ ಕೈಕೊಟ್ಟಿತು. ಹಳೇ ವಿಡಿಯೋ ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿ 1 ನಿಮಿಷ 53 ಸೆಕೆಂಡ್ ಅಂತ ಅಧಿಕೃತವಾಗಿ ತಿದ್ದಿದ್ದು 2012ರಲ್ಲಿ, 39 ವರ್ಷ ಆದಮೇಲೆ. ಹಾಗಾಗಿ ಮೂರು ರೇಸಿನ ದಾಖಲೆಯೂ ಒಂದೇ ಕುದುರೆಯ ಹೆಸರಿನಲ್ಲಿದೆ.

ಈಗ ಆ ಐದು ಸೋಲು. ಮೊದಲನೆಯದು 1972ರ ಜುಲೈ 4ರ ಚೊಚ್ಚಲ ರೇಸ್. ಹೊರಡುತ್ತಿದ್ದ ಹಾಗೇ ಪಕ್ಕದ ಕುದುರೆ ಜೋರಾಗಿ ಗುದ್ದಿತು, ನಾಲ್ಕನೇ ಸ್ಥಾನ. ಎರಡನೆಯದು ಸೋಲೇ ಅಲ್ಲ ಅಂತಲೂ ಹೇಳಬಹುದು. ಶಾಂಪೇನ್ ಸ್ಟೇಕ್ಸ್‌ನಲ್ಲಿ ಮೊದಲು ಬಂದದ್ದು ಇದೇ, ಆದರೆ ಬೇರೆ ಕುದುರೆಗೆ ಅಡ್ಡ ಬಂತು ಅಂತ ಎರಡನೇ ಸ್ಥಾನಕ್ಕೆ ಇಳಿಸಿದರು. ಮೂರನೆಯದು ಡರ್ಬಿಗೆ ಎರಡು ವಾರ ಮುಂಚಿನ ವುಡ್ ಮೆಮೋರಿಯಲ್. ತುಟಿಯ ಒಳಗೆ ಕೀವು ತುಂಬಿದ ಹುಣ್ಣಾಗಿತ್ತು. ಕಡಿವಾಣ ಎಳೆದಾಗೆಲ್ಲ ನೋವು, ಮೂರನೇ ಸ್ಥಾನ. ಉಳಿದೆರಡು ನಿಜವಾದ ಸೋಲು. ಟ್ರಿಪಲ್ ಕ್ರೌನ್ ಆದಮೇಲೆ ಸಾರಟೋಗದಲ್ಲಿ ಆನಿಯನ್ ಅನ್ನುವ, ಯಾರೂ ಅಷ್ಟಾಗಿ ಕೇಳಿರದ ಕುದುರೆ ಸೋಲಿಸಿತು. ಹೌದು, ಈರುಳ್ಳಿಯೇ. ಆಮೇಲೆ ವುಡ್‌ವರ್ಡ್‌ನಲ್ಲಿ ಪ್ರೂವ್ ಔಟ್ ಸೋಲಿಸಿತು. ಎರಡೂ ಕುದುರೆಗಳ ಟ್ರೇನರ್ ಒಬ್ಬರೇ, ಅಲೆನ್ ಜರ್ಕೆನ್ಸ್. ದೈತ್ಯರನ್ನು ಕೊಲ್ಲುವವ ಅಂತಲೇ ಅವರಿಗೆ ಹೆಸರು.

ಆನಿಯನ್ ಎದುರು ಓಡಿದಾಗ ಸೆಕ್ರೆಟೇರಿಯಟ್‌ಗೆ ಸೋಂಕು ಇತ್ತು ಅನ್ನುತ್ತಾರೆ. ನಾನು ಅದನ್ನು ನೆಪ ಮಾಡುವುದಿಲ್ಲ. ಸೋತಿತು, ಅಷ್ಟೇ. ಆದರೆ ಗಮನಿಸಿ, ಟ್ರಿಪಲ್ ಕ್ರೌನ್ ಗೆದ್ದ ಕುದುರೆಯನ್ನು ಲಾಯದಲ್ಲಿ ಕಟ್ಟಿ ಇಡಬಹುದಿತ್ತು. ಆ ವರ್ಷ ಸೀಸನ್ ಶುರುವಾಗುವ ಮೊದಲೇ ಅದನ್ನು ಮರಿ ಹಾಕಿಸುವ ಹಕ್ಕಿಗಾಗಿ 32 ಪಾಲು ಮಾಡಿ, ಪಾಲಿಗೆ 1,90,000 ಡಾಲರ್‌ನಂತೆ ಮಾರಿ ಆಗಿತ್ತು. ಒಟ್ಟು 60 ಲಕ್ಷ 80 ಸಾವಿರ ಡಾಲರ್. ಅಷ್ಟು ದುಡ್ಡು ಬೆನ್ನ ಮೇಲೆ ಹೊತ್ತೂ ಅದು ದೊಡ್ಡ ಕುದುರೆಗಳ ಎದುರು ಓಡುತ್ತಲೇ ಇತ್ತು. ಮಣ್ಣಿನ ಟ್ರ್ಯಾಕಿನ ಕುದುರೆಯನ್ನು ಕೊನೆಗೆ ಹುಲ್ಲಿಗೂ ಇಳಿಸಿದರು. ಅಲ್ಲಿ ಓಡಿದ ಎರಡೂ ರೇಸ್ ಗೆದ್ದಿತು. ನಮ್ಮ ಬೆಂಗಳೂರು, ಮೈಸೂರು ಎರಡೂ ಹುಲ್ಲಿನ ಟ್ರ್ಯಾಕ್ ಆದ್ದರಿಂದ ಈ ವ್ಯತ್ಯಾಸ ನಮಗೆ ಸಣ್ಣದಾಗಿ ಕಾಣಬಹುದು. ಅಮೆರಿಕದಲ್ಲಿ ಅದು ಬೇರೆಯದೇ ಆಟ.

ಸೋಲನ್ನೇ ಕಾಣದ ಕುದುರೆಗಳ ವಿಷಯಕ್ಕೆ ಬರೋಣ. ಸೋಲದೇ ಇರೋಕೆ ಒಂದು ಸುಲಭದ ದಾರಿ ಇದೆ: ಕಷ್ಟದ ಕಡೆಗೆ ಹೋಗದೇ ಇರುವುದು. ಕಿಂಚೆಮ್ ಹಾಗೆ ಮಾಡಲಿಲ್ಲ. ರೈಲಿನಲ್ಲಿ ಊರೂರು ಸುತ್ತಿ, 1878ರಲ್ಲಿ ಇಂಗ್ಲೆಂಡಿಗೂ ಹೋಗಿ ಗುಡ್‌ವುಡ್ ಕಪ್ ಗೆದ್ದು ಬಂತು. ಜೊತೆಗೆ ಅದರ ಬೆಕ್ಕೂ ಪ್ರಯಾಣ ಮಾಡುತ್ತಿತ್ತಂತೆ. ಆದರೆ ಅದರ ಎದುರು ಓಡಿದ ಬಹುಪಾಲು ಕುದುರೆಗಳು ಎಂಥವು ಅಂತ ಇವತ್ತು ಅಳೆಯೋಕೆ ದಾರಿ ಇಲ್ಲ. 54 ಅನ್ನುವ ಸಂಖ್ಯೆಗೆ ಕೈ ಮುಗಿಯಬಹುದು, ಹೋಲಿಕೆ ಮಾಡುವುದು ಕಷ್ಟ.

ಫ್ರಾಂಕೆಲ್ ಹಾಗಲ್ಲ. ಅದನ್ನು ಅಳೆದಿದ್ದಾರೆ. ಟೈಮ್‌ಫಾರ್ಮ್ ಸಂಸ್ಥೆ ಕೊಟ್ಟ ರೇಟಿಂಗ್ 147, ಚಪ್ಪಟೆ ಓಟದಲ್ಲಿ, ಅಂದರೆ ನೆಗೆಯುವ ಅಡೆತಡೆ ಇಲ್ಲದ ರೇಸಿನಲ್ಲಿ, ಅವರು ಇದುವರೆಗೆ ಕೊಟ್ಟ ಅತಿ ದೊಡ್ಡ ಸಂಖ್ಯೆ. ಅದಕ್ಕೂ ಮೊದಲಿನದು 1965ರ ಸೀ ಬರ್ಡ್, 145. ಈ ಸಂಖ್ಯೆಗಳು ಪೌಂಡ್ ಲೆಕ್ಕ. 147ರ ಕುದುರೆಗೆ 140ರ ಕುದುರೆಗಿಂತ 7 ಪೌಂಡ್ ಜಾಸ್ತಿ ತೂಕ ಹೊರಿಸಿದರೆ ಇಬ್ಬರೂ ಸಮಸಮ ಆಗಬೇಕು ಅಂತ ಅರ್ಥ. 2011ರಲ್ಲಿ ನ್ಯೂಮಾರ್ಕೆಟ್‌ನ 2000 ಗಿನೀಸ್ ರೇಸಿನಲ್ಲಿ ಅದು ಅರ್ಧ ದಾರಿಯಲ್ಲೇ ಹತ್ತಕ್ಕೂ ಜಾಸ್ತಿ ಲೆಂತ್ ಮುಂದೆ ಹೋಗಿತ್ತು. ಮುಂದಿನ ವರ್ಷ ರಾಯಲ್ ಆಸ್ಕಟ್‌ನಲ್ಲಿ 11 ಲೆಂತ್ ಗೆಲುವು. ಟ್ರೇನರ್ ಹೆನ್ರಿ ಸೆಸಿಲ್ ಆಗ ಕ್ಯಾನ್ಸರ್ ಜೊತೆ ಹೋರಾಡುತ್ತಿದ್ದರು. ಕುದುರೆ ನಿವೃತ್ತಿಯಾದ ಮರುವರ್ಷವೇ ತೀರಿಕೊಂಡರು. ನನ್ನ ತಕರಾರು ಒಂದೇ: ಫ್ರಾಂಕೆಲ್ ಬ್ರಿಟನ್ ಬಿಟ್ಟು ಹೊರಗೆ ಓಡಲಿಲ್ಲ, ಒಂದೂವರೆ ಮೈಲಿಯನ್ನು ಮುಟ್ಟಲೇ ಇಲ್ಲ. ಇದಕ್ಕೆ ತಿರುಗೇಟೂ ಇದೆ. ಫ್ರಾಂಕೆಲ್ ನಾಲ್ಕು ವರ್ಷದ ವಯಸ್ಸಿನಲ್ಲೂ ಓಡಿ ತೋರಿಸಿತು, ಸೆಕ್ರೆಟೇರಿಯಟ್ ಮೂರಕ್ಕೇ ನಿಲ್ಲಿಸಿತು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಅಮೆರಿಕದಲ್ಲೇ ಎಲ್ಲರೂ ಸೆಕ್ರೆಟೇರಿಯಟ್ ಕಡೆ ಇಲ್ಲ ಅನ್ನುವುದನ್ನೂ ಹೇಳಬೇಕು. ಅಲ್ಲಿನ ಬ್ಲಡ್-ಹಾರ್ಸ್ ಪತ್ರಿಕೆ 20ನೇ ಶತಮಾನದ 100 ಕುದುರೆಗಳ ಪಟ್ಟಿ ಮಾಡಿಸಿದಾಗ ಮೊದಲು ಬಂದದ್ದು ಮ್ಯಾನ್ ಓ ವಾರ್, ಸೆಕ್ರೆಟೇರಿಯಟ್ ಎರಡನೆಯದು. ಮ್ಯಾನ್ ಓ ವಾರ್ 1919-20ರಲ್ಲಿ 21 ಓಡಿ 20 ಗೆದ್ದಿತು. ಸೋಲಿಸಿದ ಒಂದೇ ಕುದುರೆಯ ಹೆಸರು ಅಪ್‌ಸೆಟ್. ಆಟದಲ್ಲಿ ಅನಿರೀಕ್ಷಿತ ಸೋಲಿಗೆ ಅಪ್‌ಸೆಟ್ ಅನ್ನುವ ಮಾತು ಹುಟ್ಟಿದ್ದೇ ಅವತ್ತು ಅಂತ ಕಥೆ ಹೇಳುತ್ತಾರೆ. ಸುಳ್ಳು, ಆ ಮಾತು ಅದಕ್ಕೂ ಮೊದಲೇ ಇತ್ತು. ಅವತ್ತು ಮ್ಯಾನ್ ಓ ವಾರ್ ಬೆನ್ನ ಮೇಲೆ 130 ಪೌಂಡ್, ಅಪ್‌ಸೆಟ್ ಮೇಲೆ 115. ಅಂದರೆ ಏಳು ಕೆಜಿ ಅಕ್ಕಿ ಮೂಟೆ ಹೆಚ್ಚುವರಿಯಾಗಿ ಹೊತ್ತು ಓಡಿದ ಹಾಗೆ. ಈ ಪಟ್ಟಿಯ ಜೊತೆ ನಾನು ಜಗಳ ಆಡುವುದಿಲ್ಲ. ಮ್ಯಾನ್ ಓ ವಾರ್ ಓಡಿದ ರೇಸ್‌ಗಳಲ್ಲಿ ಎದುರಿಗೆ ಬರುವವರೇ ಕಮ್ಮಿ ಇರುತ್ತಿದ್ದರು ಅನ್ನುವುದಷ್ಟೇ ನನ್ನ ಅನುಮಾನ.

ಇನ್ನೊಂದು ವಿಷಯ, ಇದನ್ನು ಕೇಳದೇ ಯಾರೂ ಬಿಡುವುದಿಲ್ಲ: ಹೃದಯ. 1989ರ ಅಕ್ಟೋಬರ್ 4ರಂದು, ಗೊರಸಿನ ಒಳಗಿನ ಊತ ವಾಸಿಯಾಗದೆ, ಕೆಂಟಕಿಯ ಕ್ಲೇಬೋರ್ನ್ ಫಾರ್ಮಿನಲ್ಲಿ ಸೆಕ್ರೆಟೇರಿಯಟ್‌ಗೆ ದಯಾಮರಣ ಕೊಟ್ಟರು. ಮರಣೋತ್ತರ ಪರೀಕ್ಷೆ ಮಾಡಿದ ಪಶುವೈದ್ಯರು ಹೃದಯ ನೋಡಿ ಬೆರಗಾದರು. ಮಾಮೂಲಿ ಕುದುರೆಯ ಹೃದಯದ ಹೆಚ್ಚುಕಮ್ಮಿ ಎರಡು ಪಟ್ಟು ದೊಡ್ಡದು, ಏನೂ ಕಾಯಿಲೆ ಇಲ್ಲ. 22 ಪೌಂಡ್, ಅಂದರೆ 10 ಕೆಜಿ ಅನ್ನುವ ಸಂಖ್ಯೆ ಎಲ್ಲ ಕಡೆ ಓಡಾಡುತ್ತದೆ. ಅದು ಅಂದಾಜು. ಅವತ್ತು ಅದನ್ನು ತಕ್ಕಡಿಗೆ ಹಾಕಲಿಲ್ಲ. ತಕ್ಕಡಿಗೆ ಹಾಕಿದ್ದು ಶಾಮ್‌ನ ಹೃದಯವನ್ನು, 18 ಪೌಂಡ್. ಅದೂ ಭಾರೀ ದೊಡ್ಡದೇ. ಆ ತೂಕ ಇಟ್ಟುಕೊಂಡು ಅದೇ ವೈದ್ಯರು ಸೆಕ್ರೆಟೇರಿಯಟ್‌ದನ್ನು ಊಹಿಸಿದರು. ದೊಡ್ಡ ಹೃದಯ ಹೆಚ್ಚು ರಕ್ತ, ಹೆಚ್ಚು ಆಮ್ಲಜನಕ ಹರಿಸುತ್ತದೆ ಅನ್ನುವುದು ನಿಜ. ಆದರೆ ಅದೊಂದೇ ಸಾಕಾಗಿದ್ದರೆ ಶಾಮ್ ಬೆಲ್ಮಾಂಟ್‌ನಲ್ಲಿ ಕೊನೆಗೆ ಬರುತ್ತಿರಲಿಲ್ಲ, ಅಲ್ವಾ?

ಫ್ರಾಂಕೆಲ್, ಸೆಕ್ರೆಟೇರಿಯಟ್ ಒಂದೇ ರೇಸಿನಲ್ಲಿ ಓಡಿದ್ದರೆ ಯಾರ ಮೇಲೆ ಕಟ್ಟುತ್ತೀರಿ ಅಂತ ಕೆಲವರು ಬಿಡದೆ ಕೇಳುತ್ತಾರೆ. ಹುಲ್ಲಿನ ಮೇಲೆ ಒಂದು ಮೈಲಿ ಆದರೆ ಕಣ್ಣು ಮುಚ್ಚಿ ಫ್ರಾಂಕೆಲ್. ಮಣ್ಣಿನ ಮೇಲೆ ಒಂದೂವರೆ ಮೈಲಿ ಆದರೆ ಸೆಕ್ರೆಟೇರಿಯಟ್, 2 ಡಾಲರ್‌ಗೆ 20 ಸೆಂಟ್ ಲಾಭ ಬಂದರೂ ಪರವಾಗಿಲ್ಲ. ಹುಲ್ಲಿನ ಮೇಲೆ ಹತ್ತು ಫರ್ಲಾಂಗ್ ಅಂದರೆ ಆ ರೇಸಿನಲ್ಲಿ ನಾನು ದುಡ್ಡು ಕಟ್ಟುವುದಿಲ್ಲ. ಟ್ರ್ಯಾಕ್ ಬದಿಯ ಕಟಕಟೆ ಹಿಡಿದು ನಿಂತು ನೋಡುತ್ತೇನೆ.