ಟಿಎಕ್ಸ್‌ವಿ: ಎಸಿಯೊಳಗಿನ ನೀರುಗಂಟಿ

"ಎಕ್ಸ್‌ಪ್ಯಾನ್ಷನ್ ವಾಲ್ವ್ ಹೋಗಿದೆ ಸರ್, ಹೊಸದು ಹಾಕಬೇಕು." ಅಂಗಡಿಯಲ್ಲೋ ಕಲ್ಯಾಣ ಮಂಟಪದಲ್ಲೋ ದೊಡ್ಡ ಎಸಿ ಹಾಕಿಸಿದವರು ಈ ಮಾತು ಕೇಳಿರುತ್ತಾರೆ. ಕಾರಿನ ಎಸಿ ರಿಪೇರಿಗೆ ಬಿಟ್ಟವರೂ ಕೇಳಿರುತ್ತಾರೆ. ಹೋಗಿರುವುದು ಏನು, ಅದು ಸರಿ ಇದ್ದಾಗ ಏನು ಮಾಡುತ್ತಿತ್ತು ಅಂತ ತಿರುಗಿ ಕೇಳಿದರೆ ಮಾತ್ರ ಉತ್ತರ ಸಿಗುವುದು ಅಪರೂಪ. ನಾನು ಈ ಕೆಲಸದಲ್ಲಿ ಇರುವವನು. ಅಷ್ಟು ಸಣ್ಣ ಸಾಮಾನಿನ ಮೇಲೆ ಅಷ್ಟೊಂದು ತಪ್ಪು ಆರೋಪ ಬೀಳುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಪೂರ್ತಿ ಹೆಸರು ಥರ್ಮೋಸ್ಟ್ಯಾಟಿಕ್ ಎಕ್ಸ್‌ಪ್ಯಾನ್ಷನ್ ವಾಲ್ವ್. ಕೆಲಸದವರ ಬಾಯಲ್ಲಿ ಟಿಎಕ್ಸ್‌ವಿ, ಇಲ್ಲಾಂದ್ರೆ ಬರೀ ಎಕ್ಸ್‌ಪ್ಯಾನ್ಷನ್. ಹೆಸರೇ ದಾರಿ ತಪ್ಪಿಸುತ್ತದೆ. ಗೋಡೆ ಮೇಲಿನ ಥರ್ಮೋಸ್ಟ್ಯಾಟ್ ಕೋಣೆಯನ್ನು 24 ಡಿಗ್ರಿಗೆ ನಿಲ್ಲಿಸುತ್ತದೆ, ಅಲ್ವಾ? ಹಾಗಾಗಿ ಇದೂ ಕೋಣೆಯ ಬಿಸಿ ನೋಡಿಕೊಂಡು ಕೆಲಸ ಮಾಡುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ, ಹೊಸದಾಗಿ ಕೆಲಸಕ್ಕೆ ಬಂದ ಹುಡುಗರೂ ಕೂಡ. ಹಾಗಲ್ಲ. ಕೋಣೆ ಎಷ್ಟು ತಣ್ಣಗಾಗಿದೆ ಅನ್ನುವುದು ಈ ವಾಲ್ವ್‌ಗೆ ಗೊತ್ತೇ ಇಲ್ಲ. ಕೂಲಿಂಗ್ ಕಾಯಿಲ್‌ನ ಕೊನೆಯಿಂದ ಗ್ಯಾಸ್ (ಎಸಿಯೊಳಗೆ ಸುತ್ತುತ್ತಾ ತಂಪು ಮಾಡುವ ವಸ್ತು) ಯಾವ ಸ್ಥಿತಿಯಲ್ಲಿ ಹೊರಗೆ ಬರುತ್ತಿದೆ ಅನ್ನುವುದನ್ನಷ್ಟೇ ಅದು ನೋಡುತ್ತದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಕುಕ್ಕರ್‌ನಲ್ಲಿ ಒತ್ತಡ ಜಾಸ್ತಿ, ಅದಕ್ಕೇ ಅಲ್ಲಿ ನೀರು 100 ಡಿಗ್ರಿಗೆ ಕುದಿಯದೆ 120ರ ಹತ್ತಿರ ಕುದಿಯುತ್ತದೆ. ಎಸಿಯಲ್ಲಿ ಇದನ್ನೇ ಎರಡೂ ಕಡೆಗೆ ಬಳಸುತ್ತಾರೆ. ಕಂಪ್ರೆಸರ್ ಗ್ಯಾಸನ್ನು ಒತ್ತಿ ಔಟ್‌ಡೋರ್ ಕಾಯಿಲ್‌ಗೆ ಕಳಿಸುತ್ತದೆ. ಅಲ್ಲಿ ಒತ್ತಡ ಎಷ್ಟಿರುತ್ತದೆ ಅಂದರೆ ಅದು 45 ಡಿಗ್ರಿಯಲ್ಲೂ ದ್ರವವಾಗಿಬಿಡುತ್ತದೆ. ಆರ್-410ಎ ಗ್ಯಾಸ್ ಆದರೆ ಸುಮಾರು 380 ಪಿಎಸ್‌ಐ (ಒತ್ತಡ ಅಳೆಯುವ ಮಾನ). ಈ ದ್ರವ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ 4-5 ಡಿಗ್ರಿಗೆ ಕುದಿಯಬೇಕು ಅಂದರೆ ಒತ್ತಡ 118ರ ಆಸುಪಾಸಿಗೆ ಇಳಿಯಬೇಕು. ಕುದಿಯಲು ಬೇಕಾದ ಬಿಸಿಯನ್ನು ಅದು ಕೋಣೆಯ ಗಾಳಿಯಿಂದ ಎಳೆದುಕೊಳ್ಳುತ್ತದೆ, ಗಾಳಿ ತಣ್ಣಗಾಗುತ್ತದೆ. 380ನ್ನು 118ಕ್ಕೆ ಇಳಿಸುವ ಇಕ್ಕಟ್ಟಿನ ದಾರಿಯೇ ಎಕ್ಸ್‌ಪ್ಯಾನ್ಷನ್ ವಾಲ್ವ್.

ಒತ್ತಡ ಇಳಿಸುವುದಕ್ಕೆ ಒಂದು ಸಣ್ಣ ತೂತು ಸಾಕಲ್ವಾ? ಸಾಕು. ಎಷ್ಟೋ ಎಸಿಗಳಲ್ಲಿ ಕೂದಲೆಳೆಯಂಥ ತಾಮ್ರದ ಕ್ಯಾಪಿಲರಿ ಪೈಪೇ ಆ ಕೆಲಸ ಮಾಡುತ್ತದೆ. ಆದರೆ ಕ್ಯಾಪಿಲರಿಯ ತೂತು ಯಾವಾಗಲೂ ಅಷ್ಟೇ. ಮುನ್ನೂರು ಜನ ತುಂಬಿದ ಹಾಲ್‌ಗೂ ಅಷ್ಟೇ, ಬೆಳಿಗ್ಗೆ ಖಾಲಿ ಬಿದ್ದಿರುವ ಹಾಲ್‌ಗೂ ಅಷ್ಟೇ. ಇಲ್ಲಿ ನನಗೆ ನೆನಪಾಗುವುದು ನಮ್ಮ ಕೆರೆಗಳ ನೀರುಗಂಟಿ. ಅವನು ತೂಬಿನ ಹತ್ತಿರ ಕೂತು ಸುಮ್ನೆ ನೀರು ಬಿಡುತ್ತಿರಲಿಲ್ಲ. ಕೊನೆಯ ಗದ್ದೆಯ ತನಕ ನಡೆದು ಹೋಗಿ ನೋಡುತ್ತಿದ್ದ. ಅಲ್ಲಿ ಮಣ್ಣು ಒಣಗಿದ್ದರೆ ತೂಬನ್ನು ಇನ್ನೊಂಚೂರು ಎತ್ತುತ್ತಿದ್ದ, ನೀರು ಬದು ದಾಟಿ ಹರಿದು ಹೋಗುತ್ತಿದ್ದರೆ ಇಳಿಸುತ್ತಿದ್ದ. ಟಿಎಕ್ಸ್‌ವಿ ಮಾಡುವುದೂ ಇದನ್ನೇ. ತೂಬು ಕಾಯಿಲ್‌ನ ಬಾಯಲ್ಲಿದೆ, ಕಣ್ಣು ಕಾಯಿಲ್‌ನ ತುದಿಯಲ್ಲಿದೆ.

ಆ ಕಣ್ಣಿನ ಹೆಸರು ಬಲ್ಬ್. ಹೊಳೆಯುವ ಬಲ್ಬಲ್ಲ. ಬೆರಳುದ್ದದ, ಎರಡೂ ಕಡೆ ಮುಚ್ಚಿದ ಕೊಳವೆ ಅದು, ಒಳಗೆ ಒಂದಿಷ್ಟು ಗ್ಯಾಸ್ ತುಂಬಿರುತ್ತದೆ. ಕಾಯಿಲ್‌ನಿಂದ ಹೊರಬಂದು ಕಂಪ್ರೆಸರ್‌ಗೆ ಹೋಗುವ ಸಕ್ಷನ್ ಪೈಪಿಗೆ ಅದನ್ನು ಬಿಗಿದು ಕಟ್ಟಿರುತ್ತಾರೆ. ಅಲ್ಲಿಂದ ಒಂದು ಸಣ್ಣ ನಳಿಕೆ ವಾಲ್ವ್‌ನ ತಲೆಗೆ ಹೋಗುತ್ತದೆ. ತಲೆಯೊಳಗೆ ಡಯಾಫ್ರಮ್ ಅನ್ನುವ ತೆಳು ಲೋಹದ ತಗಡು. ಪೈಪು ಬಿಸಿಯಾದರೆ ಬಲ್ಬಿನ ಒಳಗಿನ ಒತ್ತಡ ಏರಿ ಆ ತಗಡನ್ನು ಮೇಲಿಂದ ಒತ್ತುತ್ತದೆ, ದಾರಿಗೆ ಅಡ್ಡ ನಿಂತ ಸೂಜಿ ಕೆಳಗಿಳಿದು ದಾರಿ ತೆರೆಯುತ್ತದೆ. ಕೆಳಗಿಂದ ಎದುರು ನಿಲ್ಲುವವರು ಇಬ್ಬರು, ಒಂದು ಕಾಯಿಲ್‌ನ ಒತ್ತಡ, ಇನ್ನೊಂದು ಸ್ಪ್ರಿಂಗ್. ಈ ಮೂರರ ಜಗ್ಗಾಟ ಎಲ್ಲಿ ಸಮಕ್ಕೆ ನಿಲ್ಲುತ್ತದೋ ಸೂಜಿ ಅಲ್ಲಿ ನಿಲ್ಲುತ್ತದೆ. ಕರೆಂಟ್ ಇಲ್ಲ, ಬೋರ್ಡ್ ಇಲ್ಲ, ಏನೂ ಇಲ್ಲ. ಇಷ್ಟು ವರ್ಷ ಆದಮೇಲೂ ಇದನ್ನು ಬಿಡಿಸಿ ಕೈಯಲ್ಲಿ ಹಿಡಿದಾಗ ನನಗೆ ಖುಷಿಯಾಗುತ್ತದೆ.

ಇದರ ಜೊತೆ ಕಲಿಯಲೇಬೇಕಾದ ಇನ್ನೊಂದು ಪದ ಸೂಪರ್‌ಹೀಟ್. ಸಕ್ಷನ್ ಪೈಪಿನ ಒತ್ತಡ ಅಳೆಯುವ ಗೇಜ್ 118 ತೋರಿಸುತ್ತಿದೆ ಅಂದುಕೊಳ್ಳಿ. ಅಂದರೆ ಗ್ಯಾಸ್ ಒಳಗೆ ಸುಮಾರು 4.5 ಡಿಗ್ರಿಯಲ್ಲಿ ಕುದಿಯುತ್ತಿದೆ. ಬಲ್ಬ್ ಇರುವ ಜಾಗದಲ್ಲಿ ಪೈಪಿನ ಬಿಸಿ ಅಳೆದರೆ 10.5 ಬಂತು. ನಡುವಿನ 6 ಡಿಗ್ರಿಯೇ ಸೂಪರ್‌ಹೀಟ್. ದ್ರವ ಪೂರ್ತಿ ಕುದಿದು ಮುಗಿದು, ಆಮೇಲೆ ಬರೀ ಗ್ಯಾಸ್ ಆಗಿ ಇನ್ನೂ ಆರು ಡಿಗ್ರಿ ಬಿಸಿಯಾಗಿದೆ ಅಂತ ಅರ್ಥ. ಎಸಿಗಳಲ್ಲಿ ಸಾಮಾನ್ಯವಾಗಿ 5ರಿಂದ 7 ಡಿಗ್ರಿ ಇದ್ದರೆ ಒಳ್ಳೆಯದು. ಅದು 15ಕ್ಕೆ ಹೋದರೆ ಕೊನೆಯ ಗದ್ದೆ ಒಣಗಿದೆ, ಕಾಯಿಲ್‌ನ ಒಂದಷ್ಟು ಭಾಗ ಕೆಲಸವಿಲ್ಲದೆ ಕೂತಿದೆ. ಸೊನ್ನೆಗೆ ಬಂದರೆ ಇನ್ನೂ ಅಪಾಯ. ದ್ರವ ಹಾಗೇ ಕಂಪ್ರೆಸರ್‌ಗೆ ಹೋಗುತ್ತಿದೆ. ಗ್ಯಾಸನ್ನು ಒತ್ತಬಹುದು, ದ್ರವವನ್ನು ಒತ್ತಲಾಗುವುದಿಲ್ಲ. ಕಂಪ್ರೆಸರ್‌ನ ಎಣ್ಣೆ ತೊಳೆದು ಹೋಗುತ್ತದೆ, ಕೊನೆಗೆ ಒಳಗಿನ ಭಾಗಗಳೇ ಮುರಿಯುತ್ತವೆ.

ದೊಡ್ಡ ಕಾಯಿಲ್‌ಗಳಲ್ಲಿ ಇನ್ನೊಂದು ತೆಳು ಪೈಪು ಕಾಣುತ್ತದೆ, ಈಕ್ವಲೈಸರ್ ಅಂತ. ದ್ರವ ಡಿಸ್ಟ್ರಿಬ್ಯೂಟರ್ (ದ್ರವವನ್ನು ಕಾಯಿಲ್‌ನ ಹಲವು ಪೈಪುಗಳಿಗೆ ಹಂಚುವ ಭಾಗ) ದಾಟಿ ಉದ್ದಕ್ಕೂ ಹರಿದು ಬರುವಷ್ಟರಲ್ಲಿ ಒತ್ತಡ ಕಡಿಮೆಯಾಗಿರುತ್ತದೆ. ಬಲ್ಬ್ ತುದಿಯ ಬಿಸಿ ಹೇಳುತ್ತಿರುವಾಗ ಒತ್ತಡದ ಲೆಕ್ಕ ಬಾಯಿಯದಾದರೆ ಹೊಂದುವುದಿಲ್ಲ. ಅದಕ್ಕೆ ಬಲ್ಬಿನಿಂದ ಸ್ವಲ್ಪ ಮುಂದೆ, ಕಂಪ್ರೆಸರ್ ಕಡೆಗೆ, ಸಕ್ಷನ್ ಪೈಪಿನಿಂದಲೇ ಒತ್ತಡವನ್ನು ವಾಲ್ವ್‌ಗೆ ತಲುಪಿಸುತ್ತಾರೆ.

ಈಗ ರಿಪೇರಿ ವಿಷಯ. ಒಂದು ಬಟ್ಟೆ ಅಂಗಡಿಯಲ್ಲಿ 8.5 ಟನ್ನಿನ ಡಕ್ಟಬಲ್ ಎಸಿ, ಅಂದರೆ ಸೀಲಿಂಗ್ ಮೇಲಿನ ಕೊಳವೆಗಳಲ್ಲಿ ತಂಪು ಗಾಳಿ ಹಂಚುವ ಎಸಿ ಇತ್ತು. ಕಂಪ್ರೆಸರ್ ಒರಟಾಗಿ ಸದ್ದು ಮಾಡುತ್ತಿತ್ತು, ಸಕ್ಷನ್ ಪೈಪು ಕಂಪ್ರೆಸರ್‌ವರೆಗೂ ನೀರು ಸುರಿಸುತ್ತಿತ್ತು. ಮೊದಲು ಬಂದವರು ವಾಲ್ವ್ ಬದಲಿಸಬೇಕು ಅಂತ ಕೊಟೇಶನ್ ಕೊಟ್ಟು ಹೋಗಿದ್ದರು. ನಾನು ಫಾಲ್ಸ್ ಸೀಲಿಂಗ್ ಮೇಲೆ ತಲೆ ಹಾಕಿ ಟಾರ್ಚ್ ಬಿಟ್ಟು ನೋಡಿದರೆ ಬಲ್ಬ್ ಪೈಪಿನಿಂದ ಕಳಚಿ ಗಾಳಿಯಲ್ಲಿ ನೇತಾಡುತ್ತಿದೆ! ಹಿಂದೆ ಯಾವಾಗಲೋ ಕಾಯಿಲ್ ತೊಳೆದಾಗ ಪಟ್ಟಿ ಬಿಚ್ಚಿದವರು ಮತ್ತೆ ಬಿಗಿದಿರಲಿಲ್ಲ. ಸೀಲಿಂಗ್ ಮೇಲಿನ ಬಿಸಿ ಗಾಳಿಯನ್ನೇ ಪೈಪಿನ ಬಿಸಿ ಅಂತ ತಿಳಿದು ವಾಲ್ವ್ ಪೂರ್ತಿ ಬಾಯಿ ತೆರೆದುಕೊಂಡಿತ್ತು. ಪೈಪು ಉಜ್ಜಿ, ತಾಮ್ರದ ಪಟ್ಟಿಯಿಂದ ಬಿಗಿದು, ಮೇಲೆ ಇನ್ಸುಲೇಶನ್ ಸುತ್ತಿದೆ. ಅರ್ಧ ಗಂಟೆಯಲ್ಲಿ ಸೂಪರ್‌ಹೀಟ್ 6ಕ್ಕೆ ಬಂದು ನಿಂತಿತು. ಹೊಸ ಸಾಮಾನು ಒಂದೂ ಬೇಕಾಗಲಿಲ್ಲ.

ಅದಕ್ಕೇ ಬಲ್ಬ್ ಕಟ್ಟುವುದನ್ನು ಸಣ್ಣ ಕೆಲಸ ಅಂತ ನೋಡಬೇಡಿ. ಪೈಪಿನ ನೇರ, ಅಡ್ಡ ಭಾಗದಲ್ಲಿ ಕಟ್ಟಬೇಕು, ಬೆಂಡ್ ಮೇಲಾಗಲಿ ಜಾಯಿಂಟ್ ಮೇಲಾಗಲಿ ಕೂಡದು. ತೆಳು ಪೈಪಾದರೆ ಮೇಲ್ಭಾಗದಲ್ಲಿ ಕಟ್ಟಬಹುದು. 22 ಮಿಲಿಮೀಟರ್‌ಗಿಂತ ದಪ್ಪದ್ದಾದರೆ ಪಕ್ಕಕ್ಕೆ, ಗಡಿಯಾರದ ನಾಲ್ಕು ಅಥವಾ ಎಂಟು ಗಂಟೆಯ ಜಾಗದಲ್ಲಿ. ತಳದಲ್ಲಿ ಮಾತ್ರ ಯಾವತ್ತೂ ಬೇಡ, ಅಲ್ಲಿ ಎಣ್ಣೆ ಹರಿಯುತ್ತಿರುತ್ತದೆ, ಬಲ್ಬಿಗೆ ಸರಿಯಾದ ಬಿಸಿ ತಿಳಿಯುವುದಿಲ್ಲ. ಪ್ಲಾಸ್ಟಿಕ್ ಟ್ಯಾಗ್‌ನಲ್ಲಿ ಕಟ್ಟಿದ್ದನ್ನು ಎಷ್ಟು ಕಡೆ ನೋಡಿದ್ದೇನೋ. ಬೇಡ.

ಕೂಲಿಂಗ್ ಕಡಿಮೆ, ಸಕ್ಷನ್ ಪ್ರೆಶರ್ ಕಡಿಮೆ, ಕಾಯಿಲ್ ಮೇಲೆ ಐಸ್. ಇಷ್ಟು ಕಂಡ ಕೂಡಲೇ ಯಾರೂ ವಾಲ್ವ್ ಕಡೆ ಬೆರಳು ತೋರಿಸಬಾರದು. ಫಿಲ್ಟರ್ ತುಂಬಾ ಧೂಳು ಕಟ್ಟಿದ್ದರೂ ಇದೇ ಆಗುತ್ತದೆ. ಗಾಳಿ ಬರದಿದ್ದರೆ ಕಾಯಿಲ್‌ಗೆ ಬಿಸಿ ಸಿಗುವುದಿಲ್ಲ, ವಾಲ್ವ್ ತನ್ನ ಧರ್ಮದಂತೆ ದಾರಿ ಚಿಕ್ಕದು ಮಾಡುತ್ತದೆ, ಒತ್ತಡ ಬೀಳುತ್ತದೆ. ಅಲ್ಲಿ ವಾಲ್ವ್ ಸರಿಯಾಗೇ ಇದೆ. ಮೊದಲು ಫಿಲ್ಟರ್, ಗಾಳಿ ತಳ್ಳುವ ಬ್ಲೋವರ್, ಎರಡೂ ಕಾಯಿಲ್ ಶುಚಿಯಾಗಲಿ. ಆಮೇಲೆ ಸೂಪರ್‌ಹೀಟ್ ಅಳೆಯಿರಿ. ಅದು ಜಾಸ್ತಿ ಇದ್ದರೆ ಗ್ಯಾಸ್ ಕಡಿಮೆಯೋ, ವಾಲ್ವ್ ಕಟ್ಟಿಕೊಂಡಿದೆಯೋ ಅನ್ನುವುದನ್ನು ಔಟ್‌ಡೋರ್‌ನಿಂದ ಬರುವ ಲಿಕ್ವಿಡ್ ಪೈಪು ಹೇಳುತ್ತದೆ. ಅಲ್ಲಿನ ಒತ್ತಡಕ್ಕೆ ದ್ರವವಾಗುವ ಬಿಸಿ ಎಷ್ಟೋ, ಪೈಪು ಅದಕ್ಕಿಂತ 5-6 ಡಿಗ್ರಿ ತಣ್ಣಗಿದ್ದರೆ ದ್ರವ ಸಾಕಷ್ಟಿದೆ, ಆದರೂ ಒಳಗೆ ಹೋಗುತ್ತಿಲ್ಲ ಅಂತ ಅರ್ಥ. ಆಗ ವಾಲ್ವ್ ಮೇಲೆ ಅನುಮಾನ ಪಡಬಹುದು. ಆ ಅಂತರವೇ ಇಲ್ಲ, ಆ ಪೈಪಿನ ಸೈಟ್ ಗ್ಲಾಸ್‌ನಲ್ಲಿ (ಒಳಗೆ ನೋಡಲು ಇರುವ ಗಾಜಿನ ಕಿಂಡಿ) ಗುಳ್ಳೆ ಓಡುತ್ತಿವೆ ಅಂದರೆ ಗ್ಯಾಸ್ ಕಡಿಮೆ ಇದೆ, ಲೀಕ್ ಹುಡುಕಬೇಕು.

ಅನುಮಾನ ಬಂದಮೇಲೆ ಬಲ್ಬನ್ನು ಪೈಪಿನಿಂದ ಬಿಚ್ಚಿ ಅಂಗೈಯಲ್ಲಿ ಹಿಡಿಯಿರಿ. ಸಕ್ಷನ್ ಪ್ರೆಶರ್ ಏರಬೇಕು. ಜಾಸ್ತಿ ಹೊತ್ತು ಹಿಡಿಯಬೇಡಿ, ದ್ರವ ಕಂಪ್ರೆಸರ್‌ಗೆ ಹೋದೀತು. ಐಸ್ ನೀರಿನಲ್ಲಿ ಅದ್ದಿದರೆ ಇಳಿಯಬೇಕು. ಎರಡಕ್ಕೂ ಗೇಜಿನ ಮುಳ್ಳು ಅಲುಗದಿದ್ದರೆ ಬಲ್ಬಿನ ಗ್ಯಾಸ್ ಸೋರಿ ಹೋಗಿರಬಹುದು, ಇಲ್ಲವೇ ಸೂಜಿ ಸಿಕ್ಕಿಕೊಂಡಿರಬಹುದು. ಬಲ್ಬ್ ಖಾಲಿಯಾದ ವಾಲ್ವ್ ಮುಚ್ಚಿಕೊಳ್ಳುತ್ತದೆ. ಕೆಲವು ಮಾಡೆಲ್‌ಗಳಲ್ಲಿ ತಲೆಯನ್ನಷ್ಟೇ ಬದಲಿಸಬಹುದು. ವಾಲ್ವ್‌ಗೆ ಒಳಬರುವ ಕಡೆ ಒಂದು ಜಾಳಿಗೆ ಇರುತ್ತದೆ, ಎಷ್ಟೋ ಸಲ ಕಸ ಕಟ್ಟಿರುವುದು ಅಲ್ಲೇ. ಎಸಿ ಒಂದಷ್ಟು ಹೊತ್ತು ಚೆನ್ನಾಗಿ ಓಡಿ, ಆಮೇಲೆ ಕೂಲಿಂಗ್ ನಿಂತು, ಆರಿಸಿಟ್ಟರೆ ಮತ್ತೆ ಸರಿಹೋಗುತ್ತಿದೆಯೇ? ಒಳಗೆ ತೇವ ಸೇರಿ ಸೂಜಿಯ ಹತ್ತಿರ ಮಂಜುಗಟ್ಟುತ್ತಿರಬಹುದು. ಆಗ ವಾಲ್ವ್ ಬದಲಿಸಿ ಪ್ರಯೋಜನವಿಲ್ಲ. ತೇವ ಹೀರುವ ಡ್ರೈಯರ್ ಬದಲಿಸಿ, ಚೆನ್ನಾಗಿ ವ್ಯಾಕ್ಯೂಮ್ ಮಾಡಬೇಕು, ಅಂದರೆ ಪಂಪಿನಿಂದ ಒಳಗಿನ ಗಾಳಿ, ತೇವ ಎಳೆದು ತೆಗೆಯಬೇಕು.

ವಾಲ್ವ್‌ನ ಸ್ಪ್ರಿಂಗ್ ಹೊಂದಿಸುವ ಸ್ಕ್ರೂ ತಿರುಗಿಸುವುದು ಕೊನೆಯ ಕೆಲಸ. ಹೆಚ್ಚಿನ ವಾಲ್ವ್‌ಗಳಲ್ಲಿ ಬಲಕ್ಕೆ ತಿರುಗಿಸಿದರೆ ಸ್ಪ್ರಿಂಗ್ ಬಿಗಿಯಾಗಿ ಸೂಪರ್‌ಹೀಟ್ ಏರುತ್ತದೆ. ಕಾಲು ಸುತ್ತು ತಿರುಗಿಸಿ, 15-20 ನಿಮಿಷ ಕಾದು, ಮತ್ತೆ ಅಳೆಯಬೇಕು. ಈ ಕಾಯುವ ತಾಳ್ಮೆ ಇಲ್ಲದವರು ಮೂರು ಸುತ್ತು ತಿರುಗಿಸಿ, ಮೊದಲು ಎಲ್ಲಿತ್ತು ಅನ್ನುವುದನ್ನೂ ಮರೆತುಬಿಡುತ್ತಾರೆ. ಬದಲಿಸಲೇಬೇಕಾದರೆ ಬ್ರೇಜಿಂಗ್ (ಬೆಂಕಿಯಲ್ಲಿ ಕಾಯಿಸಿ ಪೈಪು ಬೆಸೆಯುವುದು) ಮಾಡುವಾಗ ವಾಲ್ವ್‌ಗೆ ಒದ್ದೆ ಬಟ್ಟೆ ಸುತ್ತಿ, ಪೈಪಿನಲ್ಲಿ ನೈಟ್ರೋಜನ್ ಸಣ್ಣಗೆ ಹರಿಯಲು ಬಿಡಿ. ಇಲ್ಲದಿದ್ದರೆ ಒಳಗೆ ಕಪ್ಪು ಪೊರೆ ಕಟ್ಟಿ, ಅದೇ ಉದುರಿ ಹೊಸ ವಾಲ್ವನ್ನು ಕಟ್ಟಿಸುತ್ತದೆ.

ಇನ್ನು ಮನೆಯ ಒಂದು, ಒಂದೂವರೆ ಟನ್ನಿನ ಸಾದಾ ಸ್ಪ್ಲಿಟ್ ಎಸಿಗಳಲ್ಲಿ ಸಾಮಾನ್ಯವಾಗಿ ಕ್ಯಾಪಿಲರಿ ಇರುತ್ತದೆ, ಟಿಎಕ್ಸ್‌ವಿ ಅಲ್ಲ. ಅದಕ್ಕೆ ಎಕ್ಸ್‌ಪ್ಯಾನ್ಷನ್ ವಾಲ್ವ್ ಹೋಗಿದೆ ಅಂತ ಯಾರಾದರೂ ಹೇಳಿದರೆ, ಎಲ್ಲಿದೆ ತೋರಿಸಿ ಅಂತ ಕೇಳಿ. ಇನ್ವರ್ಟರ್ ಎಸಿಯಾದರೆ ಎಲೆಕ್ಟ್ರಾನಿಕ್ ವಾಲ್ವ್ ಇರಬಹುದು. ಅದಕ್ಕೆ ಬಲ್ಬ್ ಇಲ್ಲ, ಪುಟ್ಟ ಸ್ಟೆಪ್ಪರ್ ಮೋಟಾರ್ ಸೂಜಿಯನ್ನು ಸರಿಸುತ್ತದೆ, ತುದಿಯ ಸುದ್ದಿಯನ್ನು ಸೆನ್ಸರ್‌ಗಳು ಬೋರ್ಡಿಗೆ ಮುಟ್ಟಿಸುತ್ತವೆ. ಕಾರುಗಳಲ್ಲಿ ಸಿಗುವುದು ಹೆಚ್ಚಾಗಿ ಬ್ಲಾಕ್ ಮಾದರಿಯ ಟಿಎಕ್ಸ್‌ವಿ. ಒಂದು ಲೋಹದ ತುಂಡಿನೊಳಗೆ ಹೋಗುವ ದ್ರವ, ಬರುವ ಗ್ಯಾಸ್ ಎರಡೂ ಹಾದು ಹೋಗುತ್ತವೆ, ಬಿಸಿ ನೋಡುವ ಕಡ್ಡಿ ಒಳಗೇ ಇರುತ್ತದೆ. ಅಲ್ಲಿ ಬಿಗಿಯಲು ಬಲ್ಬೂ ಇಲ್ಲ, ಕೆಟ್ಟರೆ ಇಡೀ ತುಂಡನ್ನೇ ಬದಲಿಸುತ್ತಾರೆ. ಬದಲಿಸುವಾಗ ಜಾಯಿಂಟ್ ಸೋರದಂತೆ ತಡೆಯುವ ಒ-ರಿಂಗ್‌ಗಳು ಹೊಸವಾಗಿರಲಿ, ಡ್ರೈಯರ್ ಕೂಡ.