ಆಫೀಸು ಗುಡಿಸುವ ಅಕ್ಕ ಕಟ್ಟುವ ತೆರಿಗೆ

ಜುಲೈ ಬಂತೆಂದರೆ ನನ್ನ ಆಫೀಸಿನಲ್ಲಿ ಆದಾಯ ತೆರಿಗೆ ರಿಟರ್ನ್ ಸಲ್ಲಿಸುವವರ ಸಾಲು. ಸಂಬಳ, ಕಡಿತವಾದ ತೆರಿಗೆಯ ಲೆಕ್ಕವಿರುವ ಫಾರಂ 16 ಕೈಗೆ ಕೊಡುತ್ತಾ ಒಬ್ಬರಾದರೂ ಹೇಳುತ್ತಾರೆ: "ತೆರಿಗೆ ಕಟ್ಟೋರು ನಾವು ಸಾರ್, ತಿನ್ನೋರು ಬೇರೆ." ಎಷ್ಟೋ ಸಲ ಆಗ ಪಕ್ಕದಲ್ಲೇ ನಮ್ಮ ಆಫೀಸು ಗುಡಿಸುವ ಅಕ್ಕ ಇರುತ್ತಾರೆ. ನನಗೆ ಸಂಕಟವಾಗುತ್ತದೆ. ಯಾಕೆಂದರೆ ಆ ಮಾತು ತಪ್ಪು.

ಅಕ್ಕ ಮೂರು ಕಡೆ ದುಡಿದು ತಿಂಗಳಿಗೆ 9,000 ರೂಪಾಯಿ ಸಂಪಾದಿಸುತ್ತಾರೆ. ಅವರಿಗೆ ಆದಾಯ ತೆರಿಗೆ ಇಲ್ಲ, ನಿಜ. ಆದರೆ 299 ರೂಪಾಯಿಯ ಮೊಬೈಲ್ ರೀಚಾರ್ಜ್ ಹಾಕಿಸಿದರೆ ಅದರಲ್ಲಿ ಸುಮಾರು 45 ರೂಪಾಯಿ ಜಿಎಸ್‌ಟಿ. ಅವರ ದುಡಿಮೆಯಲ್ಲಿ ನೂರಕ್ಕೆ ಐವತ್ತು ಪೈಸೆ ಅಲ್ಲಿಗೇ ಹೋಯಿತು. ತಿಂಗಳಿಗೆ 90,000 ಸಂಬಳ ಪಡೆಯುವವರೂ ಅದೇ 45 ರೂಪಾಯಿ ಕಟ್ಟುತ್ತಾರೆ. ಅವರಿಗದು ನೂರಕ್ಕೆ ಐದು ಪೈಸೆ. ವಸ್ತುವಿನ ಮೇಲಿನ ತೆರಿಗೆ ಕೊಳ್ಳುವವರ ಜೇಬು ನೋಡುವುದಿಲ್ಲ ಅಲ್ವಾ?

ಸೋಪು, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆಯ ಮೇಲೆ 2025ರ ಸೆಪ್ಟೆಂಬರ್ 21ರವರೆಗೂ ಶೇ 18 ತೆರಿಗೆ ಇತ್ತು. 118 ರೂಪಾಯಿ ಕೊಟ್ಟರೆ 18 ಸರ್ಕಾರಕ್ಕೆ. ಈಗ ಶೇ 5 ಆಗಿದೆ. ಇದು ಒಳ್ಳೆಯ ಕೆಲಸ, ತಡವಾಯಿತು ಅಷ್ಟೇ. ಬಿಡಿ ಅಕ್ಕಿಗೆ, ತರಕಾರಿಗೆ ತೆರಿಗೆ ಇಲ್ಲ. ಅದೇ ಅಕ್ಕಿ ಲೇಬಲ್ ಹಚ್ಚಿದ 25 ಕೆ.ಜಿ. ಒಳಗಿನ ಚೀಲದಲ್ಲಿ ಬಂದರೆ 2022ರ ಜುಲೈನಿಂದ ಶೇ 5 ಇದೆ.

ಡೀಸೆಲ್ ವಿಷಯ ಯಾರ ಗಮನಕ್ಕೂ ಬರುವುದಿಲ್ಲ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಅದರ ಮಾರಾಟ ತೆರಿಗೆಯನ್ನು ಶೇ 18.44ರಿಂದ 21.17ಕ್ಕೆ ಏರಿಸಿತು. ಅಕ್ಕನ ಮನೆಯಲ್ಲಿ ಗಾಡಿ ಇಲ್ಲ. ಆದರೆ ಅವರು ಕೊಳ್ಳುವ ಟೊಮೆಟೊ ಬರುವುದು ಲಾರಿಯಲ್ಲೇ.

ಹಾಗಂತ ಸರ್ಕಾರ ಬರೀ ಕಿತ್ತುಕೊಳ್ಳುತ್ತಿದೆ ಅಂತ ನಾನು ಹೇಳುವುದಿಲ್ಲ. 2023ರ ಜೂನ್ 11ರಿಂದ ಅಕ್ಕನಿಗೆ ಸರ್ಕಾರಿ ಬಸ್ಸು ಉಚಿತ. ಅದರಿಂದಲೇ ಊರಾಚೆಯ ಮೂರನೇ ಮನೆಯ ಕೆಲಸ ಹಿಡಿದರು. ಆದರೆ 2025ರ ಜನವರಿಯಲ್ಲಿ ಬಸ್ ದರ ಶೇ 15 ಏರಿದಾಗ, ಗ್ಯಾರೇಜಿಗೆ ಹೋಗುವ ಮಗನ ಟಿಕೆಟ್ ಜಾಸ್ತಿಯಾಯಿತು. ತಾಯಿಗೆ ಉಳಿದದ್ದರಲ್ಲಿ ಒಂದಿಷ್ಟು ಮಗನ ಟಿಕೆಟ್ಟಿಗೆ ಹೋಯಿತು. ಯಾವುದೇ ಯೋಜನೆಯ ಲೆಕ್ಕವನ್ನು ಇಡೀ ಮನೆಗೆ ಹಾಕಿ ನೋಡಬೇಕು. ಒಬ್ಬರಿಗೆ ಮಾತ್ರ ಹಾಕಿದರೆ ತಪ್ಪುತ್ತದೆ.

ಗೃಹಲಕ್ಷ್ಮಿಯ 2,000 ರೂಪಾಯಿ ಇಂಥ ಮನೆಗೆ ದೊಡ್ಡ ಆಸರೆ. ಹೆಂಡತಿ ಅಥವಾ ಗಂಡ ಆದಾಯ ತೆರಿಗೆ ಕಟ್ಟುತ್ತಿದ್ದರೆ ಅದು ಸಿಗುವುದಿಲ್ಲ. ಇಲ್ಲೊಂದು ತೊಡಕು ನೋಡಿದ್ದೇನೆ. ಸಾಲಕ್ಕೆ ಬೇಕು ಅಂತ ಬ್ಯಾಂಕಿನವರು ಕೇಳಿದರೆಂದು ಒಬ್ಬ ಆಟೋ ಚಾಲಕರು ರಿಟರ್ನ್ ಹಾಕಿಸಿದರು. ಕಟ್ಟಬೇಕಾದ ತೆರಿಗೆ ಸೊನ್ನೆ. ಆಮೇಲೆ ಅವರ ಹೆಂಡತಿಗೆ ಹಣ ನಿಂತುಹೋಯಿತು. ರಿಟರ್ನ್ ಸಲ್ಲಿಸುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ನಿಮಗೂ ಹೀಗಾಗಿದ್ದರೆ ಸುಮ್ನೆ ಕೂರಬೇಡಿ. ತೆರಿಗೆ ಸೊನ್ನೆ ಎಂದು ತೋರಿಸುವ ರಿಟರ್ನ್ ಪ್ರತಿಯನ್ನು ಅರ್ಜಿಯ ಜೊತೆ ಕೊಡಿ.

ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವುದು ದಿನಾಂಕ. ತೆರಿಗೆ ಒಂದು ದಿನವೂ ತಡವಾಗುವುದಿಲ್ಲ, ಸೋಪಿನ ಜೊತೆಗೇ ವಸೂಲಾಗುತ್ತದೆ. ಗೃಹಲಕ್ಷ್ಮಿ ಕಂತು ಎಷ್ಟೋ ಸಲ ತಿಂಗಳುಗಟ್ಟಲೆ ತಡವಾಗಿದೆ. ಸಂಘದ ಸಾಲದ ಕಂತು ಮಾತ್ರ ಕಾಯುವುದಿಲ್ಲ. ಹಾಗಾಗಿ ಅಕ್ಕ ಒಮ್ಮೆ ನೂರಕ್ಕೆ ಮೂರು ರೂಪಾಯಿ ತಿಂಗಳ ಬಡ್ಡಿಗೆ 2,000 ಕೈಸಾಲ ತಂದರು. ಹಣ ಬರುವ ಹೊತ್ತಿಗೆ ಮೂರು ತಿಂಗಳಾಗಿತ್ತು. ಬಡ್ಡಿ 180 ರೂಪಾಯಿ. ನಾಲ್ಕು ತಿಂಗಳ ರೀಚಾರ್ಜಿಗೆ ಅವರು ಕಟ್ಟುವ ತೆರಿಗೆಯಷ್ಟು.