ಎಚ್‌ಆರ್‌ವಿ ಎಂಬ ಮುಳ್ಳು: ಫಿಟ್‌ನೆಸ್ ಪ್ರವೃತ್ತಿಗಳ ಪಾಠದ ಟಿಪ್ಪಣಿ

ಫಿಟ್‌ನೆಸ್ ಉದ್ಯಮದ ಹೊಸ ಪ್ರವೃತ್ತಿಗಳ ಪಾಠದಲ್ಲಿ ಮುಕ್ಕಾಲು ಭಾಗ ಒಂದೇ ಓದಿಗೆ ದಕ್ಕಿತು. ಎಚ್‌ಆರ್‌ವಿ, ಅಂದರೆ ಹೃದಯ ಬಡಿತದ ಏರಿಳಿತ, ಮಾತ್ರ ಮೂರು ದಿನ ತಿಂದಿತು. ಆದ್ದರಿಂದ ಈ ಟಿಪ್ಪಣಿಯೂ ಅಲ್ಲೇ ಉಬ್ಬಿಕೊಂಡಿದೆ. ಉಳಿದದ್ದನ್ನು ಪುಸ್ತಕ ನನಗಿಂತ ಚೆನ್ನಾಗಿ ಹೇಳುತ್ತದೆ.

ಪಟ್ಟಿಯನ್ನು ಓದುವ ಬಗೆ

ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಸಂಸ್ಥೆ 2006ರಿಂದ ವರ್ಷಕ್ಕೊಮ್ಮೆ ಫಿಟ್‌ನೆಸ್ ಪ್ರವೃತ್ತಿಗಳ ಸಮೀಕ್ಷೆಯನ್ನು ಪ್ರಕಟಿಸುತ್ತಿದೆ. ಸ್ಮಾರ್ಟ್ ವಾಚ್, ಉಂಗುರ, ಕೈಪಟ್ಟಿಯಂತಹ ಧರಿಸುವ ಸಾಧನಗಳು 2016ರ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದವು. ನಡುವೆ 2018ರಲ್ಲಿ ಎಚ್‌ಐಐಟಿ (ನಡುನಡುವೆ ಬಿಡುವು ಕೊಟ್ಟು ಮಾಡುವ ತೀವ್ರ ವ್ಯಾಯಾಮ), 2021ರಲ್ಲಿ ಆನ್‌ಲೈನ್ ತರಬೇತಿ ಆ ಸ್ಥಾನವನ್ನು ಕಸಿದುಕೊಂಡರೂ ಹೆಚ್ಚಿನ ವರ್ಷಗಳಲ್ಲಿ ಸಾಧನಗಳದ್ದೇ ಮೇಲುಗೈ. ಆದರೆ ಈ ಸಮೀಕ್ಷೆ ಕೇಳುವುದು ಈ ಕ್ಷೇತ್ರದಲ್ಲಿ ದುಡಿಯುವವರ ಅಭಿಪ್ರಾಯವನ್ನು. ಯಾವುದು ಹಬ್ಬುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಯಾವುದು ಫಲ ಕೊಡುತ್ತದೆ ಎಂಬುದಕ್ಕೆ ಸಾಕ್ಷಿಯನ್ನು ಬೇರೆ ಕಡೆ ಹುಡುಕಬೇಕು.

ಅಳತೆಯೋ ಅಂದಾಜೋ

ಇದು ನನ್ನ ಮೆಚ್ಚಿನ ಕೀಲಿಕೈ. ಪರದೆಯ ಮೇಲೆ ಯಾವ ಅಂಕಿ ಕಂಡರೂ ಸಾಧನ ಅದನ್ನು ಅಳೆದಿದೆಯೇ, ಅಂದಾಜು ಮಾಡಿದೆಯೇ ಎಂದು ಕೇಳಿ. ಮಣಿಕಟ್ಟಿನ ಗಡಿಯಾರ ಹಸಿರು ಬೆಳಕನ್ನು ಚರ್ಮದೊಳಕ್ಕೆ ಬಿಡುತ್ತದೆ. ರಕ್ತ ಅದನ್ನು ಹೀರಿಕೊಳ್ಳುತ್ತದೆ. ಪ್ರತಿ ನಾಡಿಗೆ ರಕ್ತದ ಪ್ರಮಾಣ ಏರಿಳಿದಂತೆ ಮರಳಿ ಬರುವ ಬೆಳಕೂ ಏರಿಳಿಯುತ್ತದೆ. ಹಾಗಾಗಿ ನಾಡಿ ಅಳತೆಯ ಗುಂಪಿಗೆ ಸೇರಿತು. ಕ್ಯಾಲೊರಿ, ನಿದ್ರೆಯ ಹಂತಗಳು, ವಿಒ2 ಮ್ಯಾಕ್ಸ್ (ಶ್ರಮದಲ್ಲಿ ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕ) ಈ ಮೂರೂ ಅಂದಾಜುಗಳು. ನಿದ್ರೆಯ ಹಂತಗಳನ್ನು ನಿಜವಾಗಿ ತಿಳಿಯಲು ಮೆದುಳಿನ ವಿದ್ಯುತ್ ಸಂಕೇತ ಬೇಕು, ವಿಒ2 ಮ್ಯಾಕ್ಸ್‌ಗೆ ಮುಖಕ್ಕೆ ಮಾಸ್ಕ್ ಕಟ್ಟಿ ಉಸಿರಿನ ಅನಿಲಗಳನ್ನು ಅಳೆಯಬೇಕು. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2017ರಲ್ಲಿ ಏಳು ಸಾಧನಗಳನ್ನು ಪರೀಕ್ಷಿಸಿದಾಗ ಆರು ಸಾಧನಗಳ ಹೃದಯ ಬಡಿತದ ದೋಷ ಶೇ 5ರೊಳಗೇ ಇತ್ತು. ಕ್ಯಾಲೊರಿಯಲ್ಲಿ ಮಾತ್ರ ಒಂದೂ ಪಾಸಾಗಲಿಲ್ಲ. ಎಲ್ಲಕ್ಕಿಂತ ನಿಖರವಾದದ್ದೂ ಸರಾಸರಿ ಶೇ 27ರಷ್ಟು ತಪ್ಪಿತ್ತು. ಪರದೆ ಎರಡನ್ನೂ ಒಂದೇ ಗಾತ್ರದ ಅಕ್ಷರದಲ್ಲಿ ತೋರಿಸುತ್ತದೆ, ನೋಡುವವರು ಎರಡನ್ನೂ ಒಂದೇ ಸಮ ನಂಬುತ್ತಾರೆ.

ಈಗ ಮುಳ್ಳು

ಬಡಿತ 60 ಎಂದರೆ ಲೋಲಕದ ಹಾಗೆ ಸರಿಯಾಗಿ 1000 ಮಿಲಿಸೆಕೆಂಡ್‌ಗೊಂದು ಬಡಿತ ಎಂದುಕೊಂಡಿದ್ದೆ. ಹಾಗಲ್ಲ ಎಂಬುದಕ್ಕೆ ಉಪಕರಣವೇ ಬೇಡ. ಮಣಿಕಟ್ಟಿನ ಮೇಲೆ ಬೆರಳಿಟ್ಟು ಆರು ಎಣಿಸುವಷ್ಟು ಹೊತ್ತು ಉಸಿರೆಳೆದುಕೊಳ್ಳಿ, ಅಷ್ಟೇ ನಿಧಾನವಾಗಿ ಬಿಡಿ. ಒಳಗೆಳೆಯುವಾಗ ನಾಡಿ ತುಸು ಆತುರಪಡುತ್ತದೆ, ಬಿಡುವಾಗ ಕಾಲೆಳೆಯುತ್ತದೆ. ಮೊದಲ ಸಲ ಸ್ಪಷ್ಟವಾಗಿ ಗೊತ್ತಾದಾಗ ಸ್ವಲ್ಪ ಗಾಬರಿಯೇ ಆಯಿತು.

ಕಾರಣ ವೇಗಸ್ ನರ. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ವಿಶ್ರಾಂತಿಯಲ್ಲಿ ಅದನ್ನು 60–70ಕ್ಕೆ ಇಳಿಸಿ ಹಿಡಿದಿರುವ ಬ್ರೇಕ್ ಈ ನರ. ಉಸಿರೆಳೆದಾಗ ಬ್ರೇಕ್ ಸಡಿಲ, ಬಿಟ್ಟಾಗ ಬಿಗಿ. ಇದರ ಪ್ರಭಾವ ಒಂದೆರಡು ಬಡಿತದೊಳಗೇ ಕಾಣಿಸುತ್ತದೆ. ಒತ್ತಡ ಬಂದಾಗ ಬಡಿತವನ್ನು ಏರಿಸುವ ಸಿಂಪಥೆಟಿಕ್ ನರಗಳದ್ದು ಕೆಲವು ಸೆಕೆಂಡುಗಳ ನಿಧಾನದ ನಡೆ. ಈ ವೇಗದ ವ್ಯತ್ಯಾಸವನ್ನು ನೆನಪಿನಲ್ಲಿಡಿ, ಲೆಕ್ಕ ನಿಂತಿರುವುದೇ ಇದರ ಮೇಲೆ.

ಲೆಕ್ಕದ ಹೆಸರು ಆರ್‌ಎಂಎಸ್‌ಎಸ್‌ಡಿ. ನಾಲ್ಕು ಬಡಿತಾಂತರಗಳನ್ನು, ಅಂದರೆ ಒಂದು ಬಡಿತದಿಂದ ಮುಂದಿನದಕ್ಕೆ ಹಿಡಿಯುವ ಸಮಯಗಳನ್ನು, ತೆಗೆದುಕೊಳ್ಳೋಣ: 980, 1040, 960, 1020 ಮಿಲಿಸೆಕೆಂಡ್. ಸರಾಸರಿ 1000, ಅಂದರೆ ಬಡಿತ 60. ನಾನು ಎಡವಿದ್ದು ಇಲ್ಲೇ. ಏರಿಳಿತ ಎಂಬ ಪದ ಕಂಡ ಕೂಡಲೇ ಕೈ ತಾನಾಗಿ ಮಾನಕ ವಿಚಲನೆಯ ಲೆಕ್ಕ ಶುರುಮಾಡಿತು: ಸರಾಸರಿಯಿಂದ ದೂರ 20, 40, 40, 20, ವರ್ಗಗಳ ಮೊತ್ತ 4000, ನಾಲ್ಕರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 32. ಪುಸ್ತಕದ ಉತ್ತರ 67. ಮೂರು ದಿನ ಕೂಡಿಸುವುದರಲ್ಲೇ ತಪ್ಪು ಹುಡುಕಿದೆ. ಕೂಡಿಸಿದ್ದು ಸರಿಯಾಗಿಯೇ ಇತ್ತು.

ಆರ್‌ಎಂಎಸ್‌ಎಸ್‌ಡಿಗೆ ಸರಾಸರಿಯ ಗೊಡವೆಯೇ ಇಲ್ಲ. ಪ್ರತಿ ಅಂತರವನ್ನೂ ಅದರ ಪಕ್ಕದ ಅಂತರದೊಂದಿಗೆ ಮಾತ್ರ ಹೋಲಿಸುತ್ತದೆ. 980ರಿಂದ 1040ಕ್ಕೆ 60, ಅಲ್ಲಿಂದ 960ಕ್ಕೆ 80, ಮತ್ತೆ 1020ಕ್ಕೆ 60. ವರ್ಗಗಳು 3600, 6400, 3600, ಮೊತ್ತ 13600. ಜಿಗಿತಗಳು ಮೂರೇ ಆದ್ದರಿಂದ ಮೂರರಿಂದ ಭಾಗಿಸಬೇಕು (ಇದು ಎರಡನೆಯ ಎಡವು). 4533ರ ವರ್ಗಮೂಲ 67.

ಇನ್ನೂ ಅನುಮಾನವಿದ್ದರೆ ಅದೇ ನಾಲ್ಕು ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಬರೆಯಿರಿ: 960, 980, 1020, 1040. ಮಾನಕ ವಿಚಲನೆ ಅದೇ 32, ಕ್ರಮ ಬದಲಾದದ್ದು ಅದಕ್ಕೆ ತಿಳಿಯುವುದೇ ಇಲ್ಲ. ಜಿಗಿತಗಳು ಮಾತ್ರ ಈಗ 20, 40, 20. ಆರ್‌ಎಂಎಸ್‌ಎಸ್‌ಡಿ 67ರಿಂದ 28ಕ್ಕೆ ಕುಸಿಯಿತು. ಬಡಿತದಿಂದ ಬಡಿತಕ್ಕೆ ಆಗುವ ಜಿಗಿತ ವೇಗಸ್ ನರದ ಕೈಬರಹ. ನಿಧಾನದ ಏರಿಕೆ ಈ ಲೆಕ್ಕದಲ್ಲಿ ಹೆಚ್ಚು ಕಾಣಿಸುವುದಿಲ್ಲ. ತರಬೇತುದಾರರು ಚೇತರಿಕೆಯನ್ನು ನೋಡಲು ಈ ಅಂಕಿಯನ್ನೇ ಹಿಡಿದುಕೊಂಡಿರುವುದು ಯಾಕೆ ಎಂದು ಆಗ ಹೊಳೆಯಿತು. ನಾಲ್ಕು ಅಂಕಿ ಕಲಿಕೆಗಷ್ಟೇ; ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಐದು ನಿಮಿಷ ದಾಖಲಿಸುತ್ತಾರೆ.

ಎರಡು ಎಚ್ಚರಿಕೆಗಳು. ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ಕಣ್ಣುಮುಚ್ಚಿ ಬರೆಯಬೇಡಿ: ಏಟ್ರಿಯಲ್ ಫಿಬ್ರಿಲೇಷನ್ ಎಂಬ ಹೃದಯದ ಲಯದೋಷದಲ್ಲೂ ಈ ಅಂಕಿ ಜೋರಾಗಿಯೇ ಇರುತ್ತದೆ. ಪಕ್ಕದವರ ಅಂಕಿಯೊಂದಿಗೆ ಹೋಲಿಕೆಯೂ ಬೇಡ; ವಯಸ್ಸಾದಂತೆ ಇಳಿಯುತ್ತದೆ, ಒಬ್ಬರಿಂದೊಬ್ಬರಿಗೆ ಅಜಗಜಾಂತರವಿರುತ್ತದೆ. ನಿಮ್ಮದೇ ಕೆಲವು ವಾರಗಳ ಸರಾಸರಿಯ ಪಕ್ಕದಲ್ಲಿಟ್ಟಾಗ ಮಾತ್ರ ಅದಕ್ಕೆ ಅರ್ಥ. ಕೈ ಅಲುಗಿದರೆ ಬೆಳಕಿನ ಸಂಕೇತ ಕೆಡುತ್ತದೆ, ಅದಕ್ಕೇ ಅನೇಕ ಸಾಧನಗಳು ಇದನ್ನು ನಿದ್ರೆಯಲ್ಲಿ ಅಳೆಯುತ್ತವೆ.

ಉಳಿದವು, ಬೇಗ ಬೇಗ

ದಿನಕ್ಕೆ 10,000 ಹೆಜ್ಜೆ: ಪ್ರಯೋಗಾಲಯದಲ್ಲಿ ಹುಟ್ಟಿದ ಗುರಿಯಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರೇ ‘ಹತ್ತು ಸಾವಿರ ಹೆಜ್ಜೆಯ ಮೀಟರ್’. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ಹೆಜ್ಜೆಯ ಲೆಕ್ಕ ಕೊಡುವುದಿಲ್ಲ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಜೊತೆಗೆ ಎರಡು ದಿನವಾದರೂ ಸ್ನಾಯು ಬಲದ ವ್ಯಾಯಾಮ ಎನ್ನುತ್ತದೆ.

ಗರಿಷ್ಠ ಬಡಿತ: ಹಳೆಯ ಸೂತ್ರ 220ರಿಂದ ವಯಸ್ಸನ್ನು ಕಳೆಯುವುದು. 2001ರ ಸೂತ್ರ 208ರಿಂದ ವಯಸ್ಸಿನ 0.7 ಪಟ್ಟು ಕಳೆಯುವುದು. 40ನೆಯ ವಯಸ್ಸಿಗೆ ಎರಡೂ 180 ಕೊಡುತ್ತವೆ, 60ಕ್ಕೆ 160 ಮತ್ತು 166. ಎರಡೂ ಅಂದಾಜೇ.

ತೂಕ ಇಳಿಸುವ ಜಿಎಲ್‌ಪಿ-1 ಔಷಧಗಳು: ಇವುಗಳಲ್ಲೊಂದಾದ ಸೆಮಾಗ್ಲುಟೈಡ್‌ನ ಒಂದು ದೊಡ್ಡ ಪ್ರಯೋಗದಲ್ಲಿ 68 ವಾರಗಳಲ್ಲಿ ಸರಾಸರಿ ಶೇ 15ರಷ್ಟು ತೂಕ ಇಳಿಯಿತು. ಇಳಿಯುವುದು ಕೊಬ್ಬೊಂದೇ ಅಲ್ಲ, ಅದರೊಂದಿಗೆ ಸ್ನಾಯುವೂ ಹೋಗುತ್ತದೆ. ಬಲವರ್ಧನೆಯ ತರಬೇತಿಗೆ ಈಗ ಬಂದಿರುವ ಬೇಡಿಕೆಗೆ ಇದೂ ಒಂದು ಕಾರಣ. ನನ್ನ ಲೆಕ್ಕದಲ್ಲಿ ಇಡೀ ಪಟ್ಟಿಯಲ್ಲಿ ಗಟ್ಟಿ ಕಾಳು ಇದೇ.

ತಣ್ಣೀರ ಮುಳುಗು: ಹಿತವೆನಿಸಬಹುದು, ಆದರೆ ಭಾರ ಎತ್ತಿದ ಬೆನ್ನಿಗೇ ಪ್ರತಿ ಸಲವೂ ಮಾಡಿದರೆ ಸ್ನಾಯು ಬೆಳವಣಿಗೆ ಕುಂದುತ್ತದೆ.

ಅಭ್ಯಾಸಕ್ಕೆ

1010, 970, 1030, 990. ಆರ್‌ಎಂಎಸ್‌ಎಸ್‌ಡಿ ಸುಮಾರು 48 ಬರಬೇಕು. ನಂತರ ಏರಿಕೆ ಕ್ರಮದಲ್ಲಿ ಬರೆದು ಇನ್ನೊಮ್ಮೆ ಮಾಡಿ. 20 ಬಂದರೆ ಸರಿ. 22 ಬಂದರೆ ನನ್ನ ಹಾಗೆಯೇ ಮಾನಕ ವಿಚಲನೆ ಮಾಡಿಕೊಂಡು ಕುಳಿತಿದ್ದೀರಿ.